ನೆಗಡಿ ಬಂದಾಗ ಕಿವಿಯೊಳಗಿನ ಜೀರುಂಡೆ ಜೋರಾಗುವುದೇಕೆ?

ಪ್ರಶ್ನೆ: ನನಗೆ 52 ವರ್ಷ. ನಾಲ್ಕು ವರ್ಷಗಳಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದಂಥ ಸದ್ದಿದೆ. ಪರೀಕ್ಷೆಯಲ್ಲಿ ‘ಕೀರಲು ಸದ್ದುಗಳು ಸ್ವಲ್ಪ ಕಡಿಮೆ ಕೇಳಿಸುತ್ತವೆ, ಬೇರೇನಿಲ್ಲ’ ಎಂದರು. ಹೇಗೋ ಒಗ್ಗಿಕೊಂಡಿದ್ದೆ. ಆದರೆ ಮಳೆಗಾಲದಲ್ಲಿ ನೆಗಡಿ, ಜ್ವರ ಬಂದರೆ ಸದ್ದು ದುಪ್ಪಟ್ಟಾಗಿ ನಿದ್ದೆಯೇ ಬರುವುದಿಲ್ಲ. ಹಾಗೇ ಉಳಿದುಬಿಟ್ಟರೆ ಎಂಬ ಭಯ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡು ಎನ್ನುತ್ತಾರೆ ಮನೆಯವರು. ಏನು ಮಾಡಲಿ?
– ಓದುಗರು, ಸಾಗರ

ಉತ್ತರ: ಎಣ್ಣೆ ಖಂಡಿತ ಬೇಡ. ನೆಗಡಿಯಲ್ಲಿ ತೊಂದರೆ ಇರುವುದು ಕಿವಿತಮಟೆಯ ಒಳಬದಿಯಲ್ಲಿ. ಹೊರಗಿನಿಂದ ಬಿಟ್ಟ ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ತಮಟೆಯಲ್ಲಿ ತೂತಿದ್ದರೆ ತಲುಪುತ್ತದೆ, ಜೊತೆಗೆ ಸೋಂಕನ್ನೂ ಒಯ್ಯುತ್ತದೆ.

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಯೂಸ್ಟೇಷಿಯನ್ ನಾಳವಿದೆ. ಉಗುಳು ನುಂಗಿದಾಗ, ಆಕಳಿಸಿದಾಗ ಅದು ಕ್ಷಣ ತೆರೆದು ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿದೂಗಿಸುತ್ತದೆ. ನೆಗಡಿಯಲ್ಲಿ ಅದು ಊದಿಕೊಂಡು ಮುಚ್ಚುತ್ತದೆ. ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಕೆಲವೊಮ್ಮೆ ಹಿಂದೆ ನೀರೂ ತುಂಬುತ್ತದೆ. ಹೊರಗಿನ ಸದ್ದು ಕುಗ್ಗುತ್ತದೆ. ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತೊಡನೆ ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳತೊಡಗುತ್ತದಲ್ಲ, ಹಾಗೆ ಮೊದಲೇ ಇದ್ದ ಜೀರುಂಡೆ ಈಗ ಎದ್ದು ಕೇಳುತ್ತದೆ. ಅದರ ಮೇಲೆ ನಿದ್ದೆಗೇಡು, ಭಯ. ಮನಸ್ಸು ಅಲ್ಲೇ ಕಿವಿಗೊಟ್ಟು ಕೂರುತ್ತದೆ. ಹೆಚ್ಚಿನವರಲ್ಲಿ ಕಿವಿ ಬಿಟ್ಟ ಮೇಲೆ ಸದ್ದು ಹಳೆಯ ಮಟ್ಟಕ್ಕೆ ಇಳಿಯುತ್ತದೆ. ನೆಗಡಿ ವಾಸಿಯಾದ ಮೇಲೂ ಕಿವಿ ಬಿಡಲು ಎರಡು ಮೂರು ವಾರ ಹಿಡಿಯಬಹುದು, ಅಷ್ಟು ದಿನ ಗಾಬರಿ ಬೇಡ.

ಇನ್ನು ನೀವು ನುಂಗುತ್ತಿರುವ ಮಾತ್ರೆಯ ಪಟ್ಟಿ ತಿರುಗಿಸಿ ಓದಿ. ಆಸ್ಪಿರಿನ್ ಹೆಚ್ಚಿನ ಪ್ರಮಾಣದಲ್ಲಿ ತಾನೇ ಕಿವಿಯಲ್ಲಿ ಸದ್ದು ಎಬ್ಬಿಸುತ್ತದೆ. ಐಬುಪ್ರೊಫೆನ್ ಕೂಡ ಕೆಲವರಲ್ಲಿ ಹೀಗೆ ಮಾಡುತ್ತದೆ. ಡೆಂಗಿ ಶಂಕೆಯಿರುವ ಮಳೆಗಾಲದ ಜ್ವರದಲ್ಲಿ ರಕ್ತಸ್ರಾವದ ಅಪಾಯದಿಂದಾಗಿ ಇವೆರಡೂ ಹೇಗೂ ಕೂಡದು. ಪ್ಯಾರಾಸಿಟಮಾಲ್ ಸಾಕು: 650 ಮಿಲಿಗ್ರಾಂನ ಒಂದು ಮಾತ್ರೆ, ಆರು ಗಂಟೆಗಳ ಅಂತರ, ದಿನಕ್ಕೆ ನಾಲ್ಕು ಮೀರದಂತೆ. ಲಿವರ್ ತೊಂದರೆ ಅಥವಾ ಕುಡಿತದ ಅಭ್ಯಾಸವಿದ್ದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಬಹಳಷ್ಟು ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸೇರಿಕೊಂಡೇ ಇರುತ್ತದೆ. ಎರಡನ್ನೂ ನುಂಗಿ ಲೆಕ್ಕ ತಪ್ಪುವವರು ಕಡಿಮೆಯಿಲ್ಲ. ಹೃದಯಕ್ಕೆಂದು ವೈದ್ಯರು ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ಕೊಡುವ ಸಂದರ್ಭ ಬಂದರೆ ‘ನನಗೆ ಕಿವಿಯಲ್ಲಿ ಸದ್ದಿದೆ’ ಎಂದು ಮೊದಲೇ ಹೇಳಿ. ಅವು ಒಳಕಿವಿಯ ಕೋಶಗಳನ್ನು ಶಾಶ್ವತವಾಗಿ ಕೆಡಿಸಬಲ್ಲವು.

ಮೂಗು ಬಿಡಿಸಲು ಉಪ್ಪುನೀರು ಒಳ್ಳೆಯದು. ನೀರನ್ನು ಐದು ನಿಮಿಷ ಮರಳಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ. 240 ಮಿಲಿಲೀಟರ್‌ಗೆ ಅಯೋಡಿನ್ ಇಲ್ಲದ ಉಪ್ಪು ಟೀ ಚಮಚದಲ್ಲಿ ಅರ್ಧ, ಅಡುಗೆ ಸೋಡಾ ಒಂದು ಚಿಟಿಕೆ. ನೇತಿಪಾತ್ರೆಯಲ್ಲಿ (ಮೂಗು ತೊಳೆಯುವ ಕೊಕ್ಕಿನ ಪಾತ್ರೆ) ತುಂಬಿ, ತಲೆ ಬಗ್ಗಿಸಿ ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತ ಮೇಲಿನ ಹೊಳ್ಳೆಗೆ ಬಿಡಿ. ನಲ್ಲಿ, ಬಾವಿಯ ನೀರನ್ನು ಕುದಿಸದೆ ಬಳಸಲೇಬಾರದು. ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾ ಅಪರೂಪವಾದರೂ ಮಾರಕ. ಮೂಗು ಪೂರ್ತಿ ಕಟ್ಟಿದ್ದಾಗ ಅಥವಾ ಕಿವಿ ನೋಯುತ್ತಿರುವಾಗ ಇದನ್ನು ಮಾಡಬೇಡಿ. ಸಿಂಬಳ ಸೀಟುವಾಗ ಒಂದೊಂದೇ ಹೊಳ್ಳೆ, ಮೆಲ್ಲಗೆ. ಎರಡೂ ಹಿಡಿದು ಜೋರಾಗಿ ಸೀಟಿದರೆ ಸೋಂಕು ಕಿವಿಗೆ ಏರುತ್ತದೆ. ಕ್ಸೈಲೊಮೆಟಜೊಲಿನ್‌ನಂಥ ಮೂಗಿನ ಹನಿ ಐದು ದಿನ ದಾಟಿದರೆ ಹನಿಯೇ ಮೂಗು ಕಟ್ಟಿಸುತ್ತದೆ. ಬಿಪಿ ಇರುವವರು ಕೇಳಿ ಬಳಸಿ.

ರಾತ್ರಿಗೆ ಕೋಣೆ ನಿಶ್ಶಬ್ದವಾಗಿರಬಾರದು. ಫ್ಯಾನ್ ಹಾಕಿ, ಚಳಿಯೆನಿಸಿದರೆ ಗೋಡೆ ಕಡೆಗೆ ತಿರುಗಿಸಿಡಿ, ಇಲ್ಲವೇ ಮೊಬೈಲ್‌ನಲ್ಲಿ ಮಳೆಯ ಸದ್ದು ಹಚ್ಚಿ. ಜೀರುಂಡೆಯನ್ನು ಮುಚ್ಚಿಹಾಕುವಷ್ಟು ಜೋರು ಬೇಡ, ಎರಡೂ ಬೆರೆತು ಕೇಳುವಷ್ಟಿರಲಿ. ಕಿವಿಗೆ ಹತ್ತಿ ತುರುಕಿದರೆ ಸದ್ದು ಇನ್ನೂ ಏರುತ್ತದೆ.

ಕಾಯಬಾರದ ಸ್ಥಿತಿಯೊಂದಿದೆ, ನೆಗಡಿಯ ಕಟ್ಟು ಎಂದುಕೊಂಡೇ ಜನ ಅದನ್ನು ಕಡೆಗಣಿಸುತ್ತಾರೆ. ಒಂದು ಕಿವಿ ಥಟ್ಟನೆ ಕೇಳಿಸದಂತಾದರೆ ಬಾಯಿ ಮುಚ್ಚಿ ‘ಮ್‌’ ಎಂದು ಗುನುಗಿ. ಗುನುಗು ಕಟ್ಟಿದ ಕಿವಿಯಲ್ಲಿ ಜೋರಾಗಿ ಕೇಳಿದರೆ ಅದು ಸಾಮಾನ್ಯವಾಗಿ ಮಧ್ಯಕಿವಿಯ ಕಟ್ಟು. ಚೆನ್ನಾಗಿರುವ ಕಿವಿಯಲ್ಲೇ ಜೋರಾದರೆ ನರಕ್ಕೆ ಪೆಟ್ಟು ಬಿದ್ದಿರಬಹುದು. ಗುನುಗು ಯಾವ ಕಡೆ ಹೋದರೂ ಅಂದೇ ಅಥವಾ ಮರುದಿನವೇ ಇಎನ್‌ಟಿ ವೈದ್ಯರಲ್ಲಿ ಹೋಗಿ ಶ್ರವಣ ಪರೀಕ್ಷೆ ಕೇಳಿ. ನರದ ತೊಂದರೆಗೆ ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೆ ಶುರುವಾದರೆ ಹೆಚ್ಚು ಫಲ. ತಡವಾದಷ್ಟೂ ಫಲ ಕಡಿಮೆ. ತಲೆಸುತ್ತು, ಕಿವಿ ಸೋರುವುದು, ಮುಖ ವಾಲುವುದು ಕಂಡರೂ ತಡಮಾಡಬೇಡಿ. ಜ್ವರದಲ್ಲಿ ನಾಡಿಯ ಲಯಕ್ಕೆ ಢಬ್‌ಢಬ್ ಕೇಳುವುದುಂಟು. ಜ್ವರ ಬಿಟ್ಟ ಮೇಲೂ ಉಳಿದರೆ ಬಿಪಿ, ಹಿಮೋಗ್ಲೋಬಿನ್ ನೋಡಿಸಿ, ವೈದ್ಯರಿಗೂ ತಿಳಿಸಿ.

ನಿಮ್ಮ ಹಳೆಯ ಸದ್ದಿನ ಮರುಪರೀಕ್ಷೆಯನ್ನು ನೆಗಡಿಯಿರುವಾಗ ಮಾಡಿಸಿದರೆ ಫಲಿತಾಂಶ ಕೆಟ್ಟದಾಗಿಯೇ ಬರುತ್ತದೆ. ವಾಸಿಯಾಗಿ ನಾಲ್ಕು ವಾರ ಬಿಟ್ಟು ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಪರೀಕ್ಷೆ ಮಾಡಿಸಬಹುದು. ಟಿಂಪನೋಮೆಟ್ರಿ ಎಂಬ ನೋವಿಲ್ಲದ ಪರೀಕ್ಷೆಯಲ್ಲಿ ತಮಟೆಯ ಹಿಂದೆ ನೀರಿದೆಯೇ ಎಂದು ನಿಮಿಷಗಳಲ್ಲಿ ತಿಳಿಯುತ್ತದೆ. ಆ ನೀರು ಒಂದೇ ಕಿವಿಯಲ್ಲಿ ವಾರಗಟ್ಟಲೆ ಉಳಿದರೆ, ಮೂಗಿನ ಹಿಂಭಾಗವನ್ನು ಎಂಡೋಸ್ಕೋಪ್‌ನಿಂದ ನೋಡಿಸಿಕೊಳ್ಳಿ. ಅಲ್ಲಿನ ಗಡ್ಡೆ ನಾಳವನ್ನು ಒತ್ತುತ್ತಿದ್ದರೂ ಕಿವಿಯಲ್ಲಿ ಹೀಗೆಯೇ ನೀರು ನಿಲ್ಲುತ್ತದೆ.