‘ಔಟ್‌ಈಟ್’ ಆದಮೇಲೆ ‘ದ್ಯಾನ್’ ಯಾಕೆ ಬರಲ್ಲ?

ತೀರ್ಥಹಳ್ಳಿಯಿಂದ ನೀವು ಕೇಳಿರೋದು ಇದು: ‘ಅಣ್ಣ ತಮ್ಮನಿಗಿಂತ ಹೆಚ್ಚು ಕಡುಬು ತಿಂದ’ ಅನ್ನೋದನ್ನ ‘ದಿ ಎಲ್ಡರ್ ಬ್ರದರ್ ಔಟ್‌ಏಟ್ ದ್ಯಾನ್ ದಿ ಯಂಗರ್’ ಅಂತ ಬರೆದರೆ ತಪ್ಪೇನು?

ಔಟ್‌ಈಟ್ ಅಂದರೆ ತಿನ್ನೋದ್ರಲ್ಲಿ ಇನ್ನೊಬ್ಬರನ್ನು ಮೀರಿಸುವುದು. ತಪ್ಪಿನ ಬೇರು ನಮ್ಮ ‘ಗಿಂತ’ದಲ್ಲಿದೆ. ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಹೇಳಿಕೊಡುವಾಗ ನಾನು ವಾಕ್ಯವನ್ನು ಮೊದಲು ಕನ್ನಡದಲ್ಲೇ ಬದಲಾಯಿಸಲು ಹೇಳುತ್ತೇನೆ: ‘ಕಡುಬು ತಿನ್ನೋದ್ರಲ್ಲಿ ಅಣ್ಣ ತಮ್ಮನನ್ನು ಮೀರಿಸಿದ.’ ಈಗ ‘ತಮ್ಮನನ್ನು’ ದ್ವಿತೀಯಾ ವಿಭಕ್ತಿಯಲ್ಲಿದೆ. ಔಟ್‌ಈಟ್ ಕೇಳುವುದೂ ಅದನ್ನೇ, ಪಕ್ಕದಲ್ಲೇ ಕರ್ಮಪದ: ‘ದಿ ಎಲ್ಡರ್ ಬ್ರದರ್ ಔಟ್‌ಏಟ್ ದಿ ಯಂಗರ್’. ‘ಹೆಚ್ಚು’ ಅನ್ನುವ ಅರ್ಥವನ್ನು ‘ಔಟ್’ ಆಗಲೇ ಹೊತ್ತಿರುವುದರಿಂದ ‘ಮೋರ್’, ‘ದ್ಯಾನ್’ ಎರಡೂ ಬೇಡ. ಔಟ್‌ರನ್, ಔಟ್‌ಲಿವ್‌ಗೂ ಇದೇ ನಿಯಮ.

ಇನ್ನೊಂದು ಕಡೆ ತುಂಬಾ ಜನ ಎಡವುತ್ತಾರೆ. ಆ ಕರ್ಮಪದ ಸೋತವರೇ ಆಗಿರಬೇಕು, ತಿಂಡಿ ಆಗಬಾರದು. ‘ಹಿ ಔಟ್‌ಏಟ್ ಟೆನ್ ಕಡುಬೂಸ್’ ಅಂದರೆ ಹತ್ತು ಕಡುಬುಗಳ ಜೊತೆ ಪಂದ್ಯ ಕಟ್ಟಿ ಗೆದ್ದ ಅಂತಾಗುತ್ತದೆ. ಎಷ್ಟು ಹೆಚ್ಚು ಅನ್ನೋದನ್ನ ‘ಬೈ’ ಹಾಕಿ ಕೊನೆಗೆ ಸೇರಿಸಿ. ನ್ಯೂಯಾರ್ಕ್‌ನ ಕೋನಿ ಐಲ್ಯಾಂಡಿನಲ್ಲಿ ಜುಲೈ 4ಕ್ಕೆ ಹಾಟ್‌ಡಾಗ್ ತಿನ್ನುವ ಸ್ಪರ್ಧೆ ನಡೆಯುತ್ತದೆ. 2007ರಲ್ಲಿ 12 ನಿಮಿಷಕ್ಕೆ ಜೋಯಿ ಚೆಸ್ಟ್‌ನಟ್ 66 ತಿಂದರು, ಟಕೇರು ಕೊಬಯಾಶಿ 63. ಇದನ್ನು ‘ಚೆಸ್ಟ್‌ನಟ್ ಔಟ್‌ಏಟ್ ಕೊಬಯಾಶಿ ಬೈ ಥ್ರೀ ಹಾಟ್‌ಡಾಗ್ಸ್’ ಎಂದು ಬರೆಯಬೇಕು. ಪದ ಅಳೆಯುವುದು ಪ್ರಮಾಣವನ್ನು. ಬೇಗ ಮುಗಿಸಿದ್ದಕ್ಕೆ ಇದನ್ನು ಬಳಸಬೇಡಿ.

ರೂಪಗಳು ‘ಈಟ್’‌ನವೇ: ಔಟ್‌ಈಟ್, ಔಟ್‌ಏಟ್, ಔಟ್‌ಈಟನ್. ‘ಔಟ್‌ಈಟೆಡ್’ ಎಂಬುದು ಇಲ್ಲ. ಒಂದೇ ಪದವಾಗಿ, ನಡುವೆ ಗೆರೆ ಇಲ್ಲದೆ ಬರೆಯಿರಿ. ಉಚ್ಚರಿಸುವಾಗ ಒತ್ತು ‘ಈಟ್’ ಮೇಲಿರಲಿ. ‘ಔಟ್‌ಪುಟ್’ ಥರದ ನಾಮಪದಗಳಲ್ಲಿ ಮಾತ್ರ ಅದು ‘ಔಟ್’ ಮೇಲೆ ಬೀಳುತ್ತದೆ.

ಹತ್ತಿರದ ಎರಡು ಪದಗಳ ಜೊತೆ ಇದನ್ನು ಕಲಸಬೇಡಿ. ‘ಓವರ್‌ಈಟ್’ ಅಂದರೆ ಹೊಟ್ಟೆ ಹಿಡಿಸುವುದಕ್ಕಿಂತ ಜಾಸ್ತಿ ತಿನ್ನೋದು, ಅಲ್ಲಿ ಎದುರಾಳಿ ಬೇಕಿಲ್ಲ. ‘ಈಟ್ ಔಟ್’ ಅಂದರೆ ಹೋಟೆಲಿಗೆ ಹೋಗಿ ಊಟ ಮಾಡೋದು.

ಔಟ್‌ಈಟ್ ಅಪರೂಪದ ಪದ. ಪರೀಕ್ಷೆಯಲ್ಲಿ ಹೋಲಿಕೆಯ ವಾಕ್ಯ ಕೇಳಿದರೆ ‘ಏಟ್ ಮೋರ್ ಕಡುಬೂಸ್ ದ್ಯಾನ್’ ಅಂತಲೇ ಬರೆಯಿರಿ, ಅಲ್ಲಿ ‘ದ್ಯಾನ್’ ಬೇಕೇ ಬೇಕು. ಮಾತಿನಲ್ಲಿ ಔಟ್‌ಈಟ್ ಚೆನ್ನಾಗಿ ಒಗ್ಗುವುದು ‘ಕ್ಯಾನ್’ ಜೊತೆಗೆ. ‘ಅವಳು ಮನೇಲಿ ಯಾರನ್ನ ಬೇಕಾದ್ರೂ ತಿನ್ನೋದ್ರಲ್ಲಿ ಸೋಲಿಸ್ತಾಳೆ’ ಅನ್ನೋದಕ್ಕೆ ‘ಶಿ ಕ್ಯಾನ್ ಔಟ್‌ಈಟ್ ಎನಿವನ್ ಅಟ್ ಹೋಮ್’ ಅನ್ನಿ.