ಫೀನಿಕ್ಸ್ ಡೌನ್ ಯಾಕೆ ಹಾಕಲಿಲ್ಲ ಅಂತ ಕೇಳಿದವರಿಗೆ

ನಮಸ್ಕಾರ,

ಜಪಾನಿನ ಫೈನಲ್ ಫ್ಯಾಂಟಸಿ ವಿಡಿಯೋ ಗೇಮ್ ಸರಣಿಯ ಬಗ್ಗೆ ನೀವು ಬರೆದ ‘ಫೈನಲ್ ಫ್ಯಾಂಟಸಿ: ಕಥೆ ಮೇಲೋ, ಆಟ ಮೇಲೋ?’ ಅನ್ನುವ ಲೇಖನ ತಲುಪಿತು. ರಾತ್ರಿ ಊಟ ಮುಗಿಸಿ ಒಂದು ಸಲ ಓದಿದೆ. ಸಿಟ್ಟು ಬಂತು. ಇಳಿದಿರಬಹುದು ಅಂತ ಬೆಳಿಗ್ಗೆ ಕಾಫಿ ಕುಡಿದು ಇನ್ನೊಂದು ಸಲ ಓದಿದೆ. ಇಳಿದಿರಲಿಲ್ಲ. ‘ಪ್ರಕಟಿಸಲಾಗುತ್ತಿಲ್ಲ, ವಿಷಾದ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾಲ್ಕನೇ ಪುಟದಲ್ಲಿ ಕಂಸದೊಳಗೆ ನೀವು ಬಚ್ಚಿಟ್ಟಿರುವ ಒಂದು ವಾಕ್ಯ ನನ್ನನ್ನು ಬಿಡುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೊಗಳುವುದನ್ನು ಮೊದಲೇ ಮುಗಿಸಿಬಿಡೋಣ. ಕನ್ನಡ ಚೆನ್ನಾಗಿದೆ. 1987ರ ಮೊದಲ ಆಟದಿಂದ 2023ರ ಹದಿನಾರನೆಯದರ ತನಕ ಇಸವಿಗಳೆಲ್ಲ ಸರಿಯಿವೆ. ಸರಣಿ ಹುಟ್ಟುಹಾಕಿದ ಹಿರೊನೊಬು ಸಕಗುಚಿಯಿಂದ ಹಿಡಿದು ಸಂಗೀತದ ನೊಬುವೊ ಉಎಮಟ್ಸು ತನಕ ಯಾರ ಹೆಸರನ್ನೂ ಕೆಡಿಸಿಲ್ಲ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಬೇಕು ಅನ್ನಿಸಿತಲ್ಲ, ಅದೇ ಸಂತೋಷ. ಆಯಿತು.

ಈಗ ಸಿಟ್ಟಿನ ವಿಷಯ. ಹನ್ನೆರಡು ಪುಟದ ಈ ಲೇಖನದಲ್ಲಿ ಆಡುವವರ ಕೈ ಎಲ್ಲೂ ಇಲ್ಲ. ಒಂದು ಬಟನ್ ಇಲ್ಲ, ಒಂದು ಮೆನು ಇಲ್ಲ, ಒಂದು ಸಲವೂ ನೀವು ಸೋತಿಲ್ಲ. ಒಂಬತ್ತು ಪುಟ ಕಥಾಸಾರ. ಎರಡು ಪುಟ ‘ಆಟದ ಅಂಶಗಳು’ ಅಂತ ಒಂದು ಪಟ್ಟಿ. ಕೊನೆಯ ಪುಟದಲ್ಲಿ ಎರಡರ ಮದುವೆ. ಕಥೆ ಬೇರೆ ಆಟ ಬೇರೆ ಅಂತ ಮೊದಲೇ ಕತ್ತರಿಸಿಟ್ಟು, ಆಮೇಲೆ ಯಾವುದು ಮೇಲು ಅಂತ ತೂಗುತ್ತೀರಿ. ಕತ್ತರಿಸಿದ್ದೇ ತಪ್ಪು ಅಂತ ನನ್ನ ತಕರಾರು.

ಎರಡನೇ ಪುಟದ ಈ ಸಾಲು ನೋಡಿ: ‘ಸೆಸಿಲ್ ತನ್ನ ಪಾಪಗಳಿಗೆ ಪಶ್ಚಾತ್ತಾಪಪಟ್ಟು ಪರಿವರ್ತನೆಗೊಳ್ಳುತ್ತಾನೆ. ಇದು ಅತ್ಯಂತ ಮನಮುಟ್ಟುವ ಸನ್ನಿವೇಶ.’

ನಾಲ್ಕನೇ ಆಟ, 1991. ಸೆಸಿಲ್ ಕಪ್ಪು ಕವಚದ ಯೋಧ, ರಾಜನ ಮಾತು ಕೇಳಿ ಒಂದು ಹಳ್ಳಿ ಸುಟ್ಟುಹೋಗಲು ಕಾರಣನಾದವನು. ಬೆಟ್ಟದ ಮೇಲೆ ಅವನಿಗೆ ಹೊಸ ರೂಪ ಸಿಗುತ್ತದೆ. ತಕ್ಷಣ ಎದುರಿಗೆ ಅವನದೇ ಹಳೆಯ ಕಪ್ಪು ರೂಪ ಬಂದು ನಿಲ್ಲುತ್ತದೆ. ಇಲ್ಲಿವರೆಗೆ ಆಟ ನಮ್ಮ ಬೆರಳಿಗೆ ಕಲಿಸಿದ್ದು ಒಂದೇ ಪಾಠ: ಸರದಿ ಬಂದರೆ ಹೊಡಿ. ಮೇಲಾಗಿ ಇದು ಹಿರೊಯುಕಿ ಇಟೊ ಅವರ ಆ್ಯಕ್ಟಿವ್ ಟೈಮ್ ಬ್ಯಾಟಲ್, ಅಂದರೆ ನಾವು ಯೋಚಿಸುವಾಗಲೂ ಸಮಯ ಓಡುತ್ತಲೇ ಇರುವ ಕಾಳಗದ ಪದ್ಧತಿ, ಮೊದಲ ಸಲ ಬಂದ ಆಟ. ಸುಮ್ಮನೆ ಕೂತರೆ ಎದುರಾಳಿ ಹೊಡೆಯುತ್ತಲೇ ಇರುತ್ತಾನೆ, ಬೆರಳಿಗೆ ತಡೆಯಲಾಗದ ತುರಿಕೆ. ಆದರೆ ಈ ಕಾಳಗ ಗೆಲ್ಲುವುದು ಹೊಡೆಯದೆ ಇದ್ದರೆ ಮಾತ್ರ. ಅವನ ಏಟು ತಿನ್ನುತ್ತ, ಕತ್ತಿ ಎತ್ತದೆ ಕಾಯಬೇಕು. ಗೆದ್ದ ಮೇಲೆ ನೋಡಿದರೆ ಸೆಸಿಲ್‌ನ ಲೆವೆಲ್ 1. ಅಷ್ಟು ಗಂಟೆ ಕೂತು ಬೆಳೆಸಿದ ಕಪ್ಪು ಯೋಧ ಹೋದ. ಮತ್ತೆ ಮೊದಲಿನಿಂದ.

ಇದನ್ನೆಲ್ಲ ನೀವು ‘ಪಶ್ಚಾತ್ತಾಪಪಟ್ಟು’ ಅಂತ ಒಂದು ಪದದಲ್ಲಿ ದಾಟಿದ್ದೀರಿ. ‘ಮನಮುಟ್ಟುವ’ ಅಂತ ಬರೆದರೆ ನನ್ನ ಮನಸ್ಸಿಗೆ ಮುಟ್ಟುವುದಿಲ್ಲ. ಕೈ ತಡೆದುಕೊಂಡಾಗ ನಿಮಗೇನಾಯಿತು? ಮೊದಲ ಸಲ ಹೊಡೆದುಬಿಟ್ಟಿರಾ? ನಾನಂತೂ ಹೊಡೆದಿದ್ದೆ.

ಇಷ್ಟು ಜೋರಾಗಿ ಹೇಳುತ್ತಿರುವುದು ಯಾಕೆಂದರೆ ಇದೇ ತಪ್ಪಿಗೆ ನಾನೂ ಬೈಸಿಕೊಂಡವನು. 2000ದ ಸುಮಾರಿಗೆ ಮಂಗಳೂರಿನ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಒಂದು ತಾಳಮದ್ದಳೆಗೆ ಕಳಿಸಿದರು, ಪ್ರಸಂಗ ಕರ್ಣಪರ್ವ. ರಾತ್ರಿಯಿಡೀ ಕೂತು ಕೇಳಿ, ಬೆಳಿಗ್ಗೆ ಬಂದು ಎರಡು ಕಾಲಂ ಬರೆದೆ. ಶಲ್ಯ ಸಾರಥಿಯಾದ, ರಥದ ಚಕ್ರ ಹೂತಿತು, ಅರ್ಜುನ ಬಾಣ ಬಿಟ್ಟ. ಭಾಷೆ ಭಾರೀ ಸೊಗಸಾಗಿದೆ ಅಂತ ನನಗೇ ಅನ್ನಿಸಿತ್ತು. ನಮ್ಮ ಹಿರಿಯ ಉಪಸಂಪಾದಕರೊಬ್ಬರು ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಕರ್ಣ ಸತ್ತದ್ದು ನನಗೆ ಗೊತ್ತುಂಟು ಮಾರಾಯ. ಮೊನ್ನೆ ರಾತ್ರಿ ಹೇಗೆ ಸತ್ತ, ಅದನ್ನು ಬರಿ.’

ಕೂತು ನೆನಪು ಮಾಡಿಕೊಂಡೆ. ಚಕ್ರ ಹೂತಾಗ ಕರ್ಣನ ಅರ್ಥಧಾರಿ ಮಾತಾಡಿರಲಿಲ್ಲ. ಬರೀ ಮಾತಿನ ಮೇಲೆ ನಿಂತ ಕಲೆ ಅದು, ವೇಷ ಇಲ್ಲ, ಕುಣಿತ ಇಲ್ಲ. ಅಲ್ಲಿ ಮಾತುಗಾರ ಅಂತ ಹೆಸರಾದ ಮನುಷ್ಯ ಅರ್ಧ ನಿಮಿಷ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರು. ನನ್ನ ಎರಡು ಕಾಲಂನಲ್ಲಿ ಅದೊಂದೇ ಇರಲಿಲ್ಲ. ತಿದ್ದಿ ಬರೆದದ್ದು ಕೊನೆಗೆ ಆರು ಸಾಲಾಗಿ ಅಚ್ಚಾಯಿತು. ಹೆಸರೂ ಹಾಕಲಿಲ್ಲ. ಇರಲಿ.

ನಿಮ್ಮ ಮುಂದಿನ ಸಾಲು: ‘ವೃದ್ಧ ಮಾಂತ್ರಿಕ ಟೆಲ್ಲಾ ಮಗಳ ಸಾವಿಗೆ ಸೇಡು ತೀರಿಸಿಕೊಳ್ಳಲು ಪ್ರಾಣತ್ಯಾಗ ಮಾಡುತ್ತಾನೆ.’ ಸರಿ, ಮಾಡುತ್ತಾನೆ. ಆದರೆ ಅವನ ಮೆನು ತೆರೆದು ನೋಡಿದ್ದೀರಾ? ಟೆಲ್ಲಾನ ಎಂಪಿ, ಅಂದರೆ ಮಂತ್ರ ಹಾಕಲು ಖರ್ಚಾಗುವ ಶಕ್ತಿಯ ಅಂಕ, ಹೆಚ್ಚೆಂದರೆ 90. ಎಷ್ಟು ಲೆವೆಲ್ ಏರಿದರೂ ಅದು ಏರುವುದಿಲ್ಲ. ಅವನು ಕಲಿತ ಮೀಟಿಯೋ ಮಂತ್ರಕ್ಕೆ ಬೇಕಾದದ್ದು 99. ಮಂತ್ರ ಪಟ್ಟಿಯಲ್ಲಿದೆ, ಹಾಕಲು ಬರುವುದಿಲ್ಲ. ಆ ಒಂಬತ್ತರ ಕೊರತೆಯನ್ನು ಅವನು ಪ್ರಾಣದಿಂದ ತುಂಬಿಕೊಡುತ್ತಾನೆ ಅಂತ ಯಾವ ಸಂಭಾಷಣೆಗೂ ಮೊದಲೇ ಲೆಕ್ಕ ಹೇಳಿಬಿಟ್ಟಿರುತ್ತದೆ. ನೀವು ‘ಆಟದ ಅಂಶಗಳು’ ಪಟ್ಟಿಯಲ್ಲಿ ‘ಎಂಪಿ ವ್ಯವಸ್ಥೆ’ ಅಂತ ಬರೆದು ಮುಂದೆ ಹೋಗಿದ್ದೀರಿ.

ಇನ್ನು ನನ್ನ ನಿದ್ದೆ ಕೆಡಿಸಿದ ಸಾಲು: ‘ಏಳನೇ ಆಟದಲ್ಲಿ ಏರಿತ್ ಸತ್ತಾಗ ಫೀನಿಕ್ಸ್ ಡೌನ್ ಹಾಕಿ ಬದುಕಿಸಬಹುದಿತ್ತು. ಬದುಕಿಸದಿರುವುದು ಕಥೆ ಮತ್ತು ಆಟದ ನಡುವಿನ ದೊಡ್ಡ ದೋಷ.’

ಈ ಜೋಕು 1997ರಿಂದ ಇದೆ. ಜೋಕಾಗಿ ಚೆನ್ನಾಗಿದೆ. ವಾದವಾಗಿ ಸಾಲದು. ಓದುಗರಿಗೆ ಗೊತ್ತಿಲ್ಲದಿದ್ದರೆ ಅಂತ ಹೇಳುತ್ತೇನೆ, ಏರಿತ್ ನಾವು ಆಡಿಸುವ ಗುಂಪಿನ ಒಬ್ಬ ಹುಡುಗಿ, ಕಥೆಯ ನಡುವೆ ಸಾಯುವವಳು. ಫೀನಿಕ್ಸ್ ಡೌನ್ ಅಂದರೆ ಕಾಳಗದಲ್ಲಿ ಬಿದ್ದವರನ್ನು ಎಬ್ಬಿಸುವ ಗರಿ. ಎಚ್‌ಪಿ, ಅಂದರೆ ಜೀವದ ಅಂಕ, ಸೊನ್ನೆಯಾಗಿ ಬಿದ್ದವನು ಸತ್ತವನಲ್ಲ, ಸುಸ್ತಾಗಿ ಬಿದ್ದವನು. ಇದನ್ನು ಆಟ ಕಟ್ಟಿದವರು ಗಮನಿಸಿಯೇ ಇರಲಿಲ್ಲ ಅಂದುಕೊಂಡಿರಾ? ಐದನೇ ಆಟ ಆಡಿ, 1992ರದು. ನಮ್ಮ ಗುಂಪಿನ ಮುದುಕ ಗಲುಫ್ ಖಳನಾಯಕ ಎಕ್ಸ್‌ಡೆತ್ ಎದುರು ಒಬ್ಬನೇ ನಿಲ್ಲುತ್ತಾನೆ. ಎಚ್‌ಪಿ ಸೊನ್ನೆಗೆ ಇಳಿಯುತ್ತದೆ. ಬೀಳುವುದಿಲ್ಲ! ಸೊನ್ನೆಯಲ್ಲೇ ನಿಂತು ಹೊಡೆಯುತ್ತಾನೆ. ಆಟದ ಅತಿ ಗಟ್ಟಿ ನಿಯಮವನ್ನೇ ಆ ಮುದುಕ ಹಟದಿಂದ ಮುರಿಯುತ್ತಾನೆ. ಆಮೇಲೆ ಉಸಿರು ನಿಂತಾಗ ಜೊತೆಗಾರರು ಮದ್ದಿನ ಮಂತ್ರ ಹಾಕುತ್ತಾರೆ, ಎಬ್ಬಿಸುವ ಮಂತ್ರ ಹಾಕುತ್ತಾರೆ, ಫೀನಿಕ್ಸ್ ಡೌನ್ ಕೂಡ ಹಾಕುತ್ತಾರೆ. ಯಾವುದೂ ನಾಟುವುದಿಲ್ಲ. ಅವನ ಮೊಮ್ಮಗಳು ಕ್ರಿಲ್ ಗುಂಪಿಗೆ ಸೇರುತ್ತಾಳೆ, ಅಜ್ಜ ಕಲಿತ ವಿದ್ಯೆಯೆಲ್ಲ ಅವಳಿಗೆ ಬರುತ್ತದೆ. ಅಂದರೆ ನೀವು ಅಜ್ಜನಿಗಾಗಿ ಪಟ್ಟ ಶ್ರಮ ಮೊಮ್ಮಗಳ ಕೈ ಸೇರಿತು. ನಿಮ್ಮ ಪ್ರಶ್ನೆಗೆ ಏರಿತ್ ಹುಟ್ಟುವ ಐದು ವರ್ಷ ಮೊದಲೇ ಉತ್ತರ ಬಂದಿತ್ತು. ಐದನೇ ಆಟಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ: ‘ಕಥೆ ಸಾಧಾರಣ, ಜಾಬ್ ಸಿಸ್ಟಮ್ ಉತ್ತಮ.’ ಜಾಬ್ ಸಿಸ್ಟಮ್ ಅಂದರೆ ಪಾತ್ರಗಳಿಗೆ ಬೇಕಾದ ಕಸುಬು ಕಲಿಸುವ ವ್ಯವಸ್ಥೆ. ಓದಿ ನಗುವುದೋ ಅಳುವುದೋ ಗೊತ್ತಾಗಲಿಲ್ಲ.

ಏರಿತ್ ವಿಷಯಕ್ಕೆ ಬರೋಣ. ಆ ಪತ್ರಿಕೆಯ ದಿನಗಳಲ್ಲಿ ನನಗೆ ರಾತ್ರಿ ಪಾಳಿ. ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹಿಂದಿನ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ ಕೂರುತ್ತಿದ್ದೆ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಜೇಬಿನಲ್ಲಿ ಮೆಮೊರಿ ಕಾರ್ಡ್ ಇಟ್ಟುಕೊಂಡು. ಸುತ್ತ ಹುಡುಗರೆಲ್ಲ ಕುಸ್ತಿ, ಫುಟ್‌ಬಾಲ್. ನಾನೊಬ್ಬ ಮಾತ್ರ ಪರದೆಯ ಮೇಲೆ ಇಂಗ್ಲಿಷ್ ಓದುತ್ತ ಕೂತವನು, ಅದೂ ಅರ್ಧ ಅರ್ಥವಾಗದೆ. ಆಗಿನ ಇಂಗ್ಲಿಷ್ ಆವೃತ್ತಿಯಲ್ಲಿ ಅವಳ ಹೆಸರು ಏರಿಸ್. ಅಂಗಡಿಯ ಹುಡುಗನಿಗೆ ಅದೊಂದು ದೊಡ್ಡ ತಮಾಷೆ. ‘ಅಣ್ಣ, ಏರಿಸ್‌ಳ ಲೆವೆಲ್ ಏರಿಸ್!’ ಅನ್ನುತ್ತಿದ್ದ. ನಾನು ಏರಿಸುತ್ತಲೂ ಇದ್ದೆ. ಅವಳ ಲಿಮಿಟ್, ಅಂದರೆ ವಿಶೇಷ ವಿದ್ಯೆ, ಇಡೀ ಗುಂಪಿಗೆ ಜೀವ ತುಂಬುವಂಥದ್ದು, ಹಾಗಾಗಿ ನನ್ನ ಲೆಕ್ಕಾಚಾರವೆಲ್ಲ ಅವಳ ಮೇಲೆ. ಪುರಾತನರ ದೇವಾಲಯದಲ್ಲಿ ಅವಳ ಅತ್ಯುತ್ತಮ ಆಯುಧ ಸಿಗುತ್ತದೆ. ಸಿಕ್ಕಿ ಸ್ವಲ್ಪ ಹೊತ್ತಿಗೆ ಅವಳೇ ಇಲ್ಲ. ತಕ್ಷಣ ಜೆನೋವಾ ಅನ್ನುವ ರಾಕ್ಷಸ ಜೀವಿಯ ಜೊತೆ ಕಾಳಗ. ಅಲ್ಲಿ ಮಾಮೂಲಿ ಕಾಳಗದ ಸಂಗೀತ ಬರುವುದಿಲ್ಲ, ಅವಳದೇ ರಾಗ ಮುಂದುವರಿಯುತ್ತದೆ. ಆ ರಾಗದಲ್ಲಿ ಹೊಡೆಯಬೇಕು. ಆಮೇಲೆ ಮೆನು ತೆರೆದರೆ ಅವಳಿಗೆ ಕೊಟ್ಟಿದ್ದ ಮಟೀರಿಯಾ, ಅಂದರೆ ಮಂತ್ರದ ಹರಳುಗಳು, ವಾಪಸ್ ಬಂದು ನನ್ನ ಚೀಲದಲ್ಲಿ ಕೂತಿತ್ತು. ಅರ್ಧಂಬರ್ಧ ಇಂಗ್ಲಿಷ್‌ನವನಿಗೂ ಆಗ ಪೂರ್ತಿ ಅರ್ಥವಾಯಿತು. ಪಕ್ಕದವನು ಮಾತ್ರ ‘ಬೇರೆಯವಳನ್ನು ತಗೊಳ್ಳಿ, ಟೈಮ್ ಹೋಗ್ತಿದೆ’ ಅಂದ. ಅವನು ಹೇಳಿದ್ದೂ ಸರಿಯೇ, ಮೀಟರ್ ಓಡುತ್ತಿತ್ತು.

ಕಥೆಗೂ ಆಟಕ್ಕೂ ನಿಜವಾಗಿ ಜಗಳ ಬೇಕಿದ್ದರೆ ಅದೇ ಏಳನೆಯದರ ಕೊನೆಗೆ ಹೋಗಿ. ಆಕಾಶದಲ್ಲಿ ಉಲ್ಕೆ ನೇತಾಡುತ್ತಿದೆ, ಲೋಕ ಮುಗಿಯಲಿದೆ. ನಾವು ಬಂಗಾರದ ಚೊಕೊಬೊ ಹಕ್ಕಿ ಪಡೆಯಲು ಜೋಡಿ ಹುಡುಕುತ್ತ, ರೇಸ್ ಓಡಿಸುತ್ತ ಗಂಟೆಗಟ್ಟಲೆ ಕಳೆಯುತ್ತೇವೆ. ಉಲ್ಕೆ ಕಾಯುತ್ತದೆ ಪಾಪ. ಅಲ್ಲಿ ಬೈಯಬೇಕಿತ್ತು ನೀವು. ಬೈದಿದ್ದರೆ ನಾನೂ ಜೊತೆಗೆ ಬೈಯುತ್ತಿದ್ದೆ, ಆ ಹಕ್ಕಿಗಳ ಹಿಂದೆ ನನ್ನ ಒಂದು ತಿಂಗಳ ಕಾಫಿ ದುಡ್ಡು ಹೋಗಿದೆ.

ಅದು ಬಿಟ್ಟು ಕೊನೆಯ ಪುಟದಲ್ಲಿ ‘ಕಥೆ ಮತ್ತು ಆಟ ಒಂದೇ ನಾಣ್ಯದ ಎರಡು ಮುಖಗಳು’ ಅಂತ ಬರೆದಿದ್ದೀರಿ. ವಾರಕ್ಕೆ ಇಂಥ ನಾಲ್ಕು ನಾಣ್ಯ ನನ್ನ ಮೇಜಿಗೆ ಬಂದು ಬೀಳುತ್ತವೆ. ಕೂಡಿಟ್ಟಿದ್ದರೆ ಇಷ್ಟು ಹೊತ್ತಿಗೆ ಸೈಟು ತಗೋಬಹುದಿತ್ತು. ಹದಿಮೂರನೆಯದು, ಹದಿನಾರನೆಯದರ ಬಗ್ಗೆ ನೀವು ಹೇಳಿದ್ದಕ್ಕೆ ನಾನು ಕೈ ಹಾಕುವುದಿಲ್ಲ. ಹೇಗೂ ಆ ಪುಟಗಳು ಹೋಗುತ್ತವೆ.

ಉಳಿಯುವುದು ಕಂಸದ ಆ ವಾಕ್ಯ. ನಾಲ್ಕನೇ ಪುಟದ ಕೆಳಗೆ: ‘(ಏರಿತ್ ಹೋದ ಮೇಲೆ ಮೂರು ದಿನ ನಾನು ಮುಂದೆ ಆಡಲಿಲ್ಲ, ಫೋನಿನಲ್ಲಿ ಅವಳಿದ್ದ ಹಳೆಯ ಸೇವ್ ತೆರೆದು ಸುಮ್ನೆ ಓಡಾಡಿಸುತ್ತಿದ್ದೆ.)’

ಇದನ್ನು ಕಂಸದಲ್ಲಿ ಯಾಕೆ ಹಾಕಿದಿರಿ? ನಾಚಿಕೆಯಾಯಿತಾ? ನನ್ನ ಮಟ್ಟಿಗೆ ಲೇಖನ ಶುರುವಾಗುವುದೇ ಇಲ್ಲಿಂದ. ಆ ಸೇವ್ ಯಾವ ಊರಿನದು? ಆ ಮೂರು ದಿನ ಅವಳನ್ನು ಕರೆದುಕೊಂಡು ಕಾಳಗಕ್ಕೆ ಹೋದಿರಾ, ಬರೀ ನಡೆದಾಡಿದಿರಾ? ಲೆವೆಲ್ ಏರಿಸಿದಿರಾ, ಏರಿಸಿ ಉಪಯೋಗವಿಲ್ಲ ಅಂತ ಗೊತ್ತಿದ್ದೂ? ನಾಲ್ಕನೇ ದಿನ ಯಾಕೆ ಬಿಟ್ಟಿರಿ? ಆ ಫೈಲ್ ಈಗಲೂ ಇದೆಯಾ, ಅಳಿಸಿದಿರಾ?

ಇಷ್ಟು ಬರೆದು ಕಳಿಸಿ. ಎಂಟುನೂರು ಪದ ಸಾಕು. ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.