ವ್ಯವಹಾರ ಅಧ್ಯಯನದಲ್ಲಿ ವ್ಯಾಖ್ಯೆಯೆಲ್ಲ ಬಾಯಿಪಾಠ ಇದ್ದರೂ ಸನ್ನಿವೇಶದ ಪ್ರಶ್ನೆಗೆ ಅಂಕ ಯಾಕೆ ಹೋಗುತ್ತದೆ?

ಆ ಪ್ರಶ್ನೆ ವ್ಯಾಖ್ಯೆಯನ್ನು ಕೇಳುವುದೇ ಇಲ್ಲ. ಸನ್ನಿವೇಶದ ಯಾವ ಸಾಲು ಯಾವ ತತ್ವಕ್ಕೆ ಸೇರುತ್ತದೆ ಎಂದು ಕೇಳುತ್ತದೆ. ಆ ಕೊಂಡಿ ಉತ್ತರದಲ್ಲಿ ಕಾಣದಿದ್ದರೆ ಅಂಕ ಕೊಡಲು ನಮಗೂ ದಾರಿಯಿಲ್ಲ.

ಉಡುಪಿಯ ನಮ್ಮ ಪಿಯು ತರಗತಿಯಲ್ಲಿ ನಾನು ಮಲ್ಪೆ ಬಂದರಿನಿಂದಲೇ ಶುರು ಮಾಡುತ್ತೇನೆ. ಮೀನಿನ ಬುಟ್ಟಿ ಹೊತ್ತವನಿಗೆ ಮಾಲೀಕರು 'ಲಾರಿಗೆ ಹಾಕು' ಅನ್ನುತ್ತಾರೆ, ಲೆಕ್ಕ ಬರೆಯುವ ರೈಟರ್ 'ಮೊದಲು ಐಸ್ ಹಾಕು' ಅನ್ನುತ್ತಾರೆ. ಅವನು ಬುಟ್ಟಿ ಹೊತ್ತೇ ನಿಲ್ಲುತ್ತಾನೆ. ನಿರ್ವಹಣಾ ಚಿಂತಕ ಹೆನ್ರಿ ಫಯೋಲ್ ಹೇಳಿದ 14 ನಿರ್ವಹಣಾ ತತ್ವಗಳಲ್ಲಿ ಇಲ್ಲಿ ಮುರಿದದ್ದು ಆದೇಶದ ಏಕತೆ, ಅಂದರೆ ಒಬ್ಬ ಕೆಲಸಗಾರನಿಗೆ ಒಬ್ಬರೇ ಮೇಲಧಿಕಾರಿ. ಬಹಳ ಮಕ್ಕಳು ನಿರ್ದೇಶನದ ಏಕತೆ ಎಂದು ಬರೆದುಬಿಡುತ್ತಾರೆ. ಅದು ಒಂದೇ ಗುರಿಯ ಕೆಲಸಗಳಿಗೆ ಒಂದೇ ಯೋಜನೆ ಇರಬೇಕೆನ್ನುವ ಬೇರೆ ತತ್ವ.

ತತ್ವದ ಹೆಸರು ಬರೆದ ಕೂಡಲೇ 'ಏಕೆಂದರೆ' ಎಂದು ಸೇರಿಸಿ, ಸನ್ನಿವೇಶದ ಆ ಸಾಲನ್ನೇ ಎತ್ತಿ ಬರೆಯಿರಿ.